ನಳದ ಮನೆಯೂ ತಿಂಗಳ ಪಗಾರವೂ

ಆ ರವಿವಾರ ಮಾಡಿದ ಕೆಲಸಗಳು ಇವು. ಕೌದಿಗಳನ್ನು ಅಂಗಳದ ಹಗ್ಗಕ್ಕೆ ಹಾಕಿ ಕೋಲಿನಿಂದ ಬಡಿದದ್ದು. ಜೋಳದ ಹಿಟ್ಟಿನ ಡಬ್ಬಿ, ಖಾರದ ಗಡಿಗೆ, ಅಪ್ಪನ ಗಡ್ಡ ಮಾಡಿಕೊಳ್ಳುವ ಸಾಮಾನು ಎಲ್ಲವನ್ನೂ ಹೊರಗೆ ಒಯ್ದು ಬೇವಿನ ಗಿಡದ ಕೆಳಗೆ ಇಟ್ಟದ್ದು. ಸ್ಟೇಶನ್ ಕಡೆಯ ನಳದಿಂದ ಅವ್ವ ಆರು ಕೊಡ ನೀರು ತಂದದ್ದು, ನಾನು ನನ್ನ ಸಣ್ಣ ಕೊಡದಲ್ಲಿ ನಾಲ್ಕು. ಹಿಂದಿನ ದಿನವೇ ನೆನೆಹಾಕಿದ್ದ ಸುಣ್ಣವನ್ನು ಕಲಕಿ, ಹಳೇ ಧೋತರದ ತುಂಡಿನಲ್ಲಿ ಸೋಸಿದ್ದು. ಪುಂಡಿ ಸೊಪ್ಪು ಬಿಡಿಸಿದ್ದು. ಒಲೆಯ ಬದಿ ಸಾರಿಸಿದ್ದು. ಎರಡೂ ಖೋಲಿಗಳ ಗೋಡೆಗೆ ಸುಣ್ಣ ಬಳಿದದ್ದು. ಇಷ್ಟರ ನಡುವೆ ಒಂದು ತಪ್ಪನ್ನೂ ಮಾಡಿದೆವು. ಆ ತಪ್ಪಿನ ಡಬ್ಬಿಯನ್ನು ತಂದು ಅವ್ವನ ಕೈಗೆ ಕೊಟ್ಟವಳು ನಾನೇ. ನನಗಾಗ ಹನ್ನೊಂದು ವರ್ಷವಿರಬೇಕು.

ನಮ್ಮ ಮನೆ ಯಾದಗಿರಿ ಸ್ಟೇಶನ್ನಿನ ಹಿಂದಿನ ಓಣಿಯಲ್ಲಿತ್ತು. ನೆಲಕ್ಕೂ ಮಾಳಿಗೆಗೂ ಶಹಾಬಾದಿ ಫರಸಿ ಕಲ್ಲು. ಬೇಸಿಗೆಯಲ್ಲಿ ಮೇಲಿನ ಫರಸಿ ರೊಟ್ಟಿಯ ಹಂಚಿನಂತೆ ಕಾಯುತ್ತಿತ್ತು, ಕೆಳಗಿನದು ಮಾತ್ರ ತಣ್ಣಗೆ ಇರುತ್ತಿತ್ತು. ರವಿವಾರ ಮಧ್ಯಾಹ್ನ ಊಟವಾದ ಮೇಲೆ ನಾನೂ ಅಪ್ಪನೂ ಬರಿನೆಲಕ್ಕೆ ಬೆನ್ನು ಹಚ್ಚಿ ಮಲಗಿಬಿಡುತ್ತಿದ್ದೆವು. ಅವ್ವ ಮಲಗಿದ್ದನ್ನು ನಾನು ಕಂಡಿರಲಿಲ್ಲ. ಓಣಿಗೆಲ್ಲ ಇದ್ದದ್ದು ಸ್ಟೇಶನ್ ಕಡೆಯ ಅದೊಂದೇ ನಳ. ಬೆಳಿಗ್ಗೆ ಅಲ್ಲಿ ಕೊಡಗಳ ಸಾಲು, ಸಾಲಿನಲ್ಲಿ ಜಗಳ. ಮಧ್ಯಾಹ್ನದ ಗಾಡಿ ಹೋದ ಮೇಲೆ ಯಾರೂ ಇರುತ್ತಿರಲಿಲ್ಲ. ಹಾಗಾಗಿ ಅವ್ವ ಆ ಸುಡುಬಿಸಿಲನ್ನೇ ತನ್ನ ಹೊತ್ತು ಮಾಡಿಕೊಂಡಿದ್ದಳು. ನಾನು ನಿದ್ದೆಯಲ್ಲಿ ಹೊರಳಿದಾಗಲೆಲ್ಲ ಹಂಡೆಗೆ ನೀರು ಸುರಿಯುವ ಸಪ್ಪಳ ಕೇಳುತ್ತಿತ್ತು. ಮೂರು ಸಲ ಕೇಳಿದರೆ ಏಳುವ ಹೊತ್ತಾಯಿತು ಎಂದು ಲೆಕ್ಕ.

ಅಪ್ಪ ಸಾಬಣ್ಣ ಲೇತ್ ಮಷೀನ್ ಕಟ್ಟುವ ಕಾರಖಾನೆಯಲ್ಲಿದ್ದ. ಕಾರಖಾನೆ ಎಂದರೆ ತಗಡಿನ ಒಂದು ಶೆಡ್ಡು, ಇಪ್ಪತ್ತು ಮಂದಿ. ಲೇತಿಗೆ ಉದ್ದನೆಯ ಎರಕದ ಕಬ್ಬಿಣದ ತಳವೊಂದಿರುತ್ತದೆ, ಅದಕ್ಕೆ ಬೆಡ್ ಅನ್ನುತ್ತಾರೆ. ಮಷೀನಿನ ಉಳಿದ ಭಾಗಗಳೆಲ್ಲ ಅದರ ಮೇಲೆ ಜಾರಾಡಬೇಕು. ತಳ ಕೂದಲೆಳೆಯಷ್ಟು ಏರುಪೇರಾದರೂ ಆ ಮಷೀನಿನಲ್ಲಿ ಮಾಡಿದ ಸಾಮಾನೆಲ್ಲ ಸೊಟ್ಟ. ಎರಕದ ಬೆಡ್ಡುಗಳು ದೂರದ ಊರಿನಿಂದ ಗೂಡ್ಸ್ ಗಾಡಿಯಲ್ಲಿ ಬರುತ್ತಿದ್ದವು. ಅವನ್ನು ಕೈಯಿಂದ ಕೆರೆದು ಸಮ ಮಾಡುವುದು ಅಪ್ಪನ ಕೆಲಸ. ಸಮತಟ್ಟಾದ ಒಂದು ಪಟ್ಟಿಗೆ ನೀಲಿ ಬಣ್ಣ ಸವರಿ ಬೆಡ್ಡಿನ ಮೇಲೆ ಉಜ್ಜುವುದು, ಎಲ್ಲಿ ಎತ್ತರವಿದೆಯೋ ಅಲ್ಲಿ ನೀಲಿ ಹತ್ತಿಕೊಳ್ಳುತ್ತದೆ, ಅಷ್ಟನ್ನೇ ಉಳಿಯಂಥ ಹತಾರಿನಿಂದ ಕೆರೆದು ತೆಗೆಯುವುದು. ಮತ್ತೆ ಸವರುವುದು, ಮತ್ತೆ ಕೆರೆಯುವುದು. ನೀಲಿ ಚುಕ್ಕೆಗಳು ಎಲ್ಲ ಕಡೆ ಒಂದೇ ಸಮ ಬೀಳುವ ತನಕ ಹೀಗೇ, ದಿನಗಟ್ಟಲೆ. ಆ ಬಣ್ಣ ಎಣ್ಣೆಯಲ್ಲಿ ಕಲಸಿದ್ದು, ಸೀಮೆಎಣ್ಣೆ ಹಚ್ಚದೆ ಹೋಗುತ್ತಿರಲಿಲ್ಲ. ನಮ್ಮ ಬಾಗಿಲ ಚೌಕಟ್ಟು, ಸೈಕಲ್ಲಿನ ಸೀಟು, ನನ್ನ ಪಾಟೀಚೀಲದ ಪಟ್ಟಿ, ಎಲ್ಲ ಕಡೆ ಅಪ್ಪನ ನೀಲಿ ಬೆರಳು. ರೊಟ್ಟಿಯ ಬುಟ್ಟಿಯನ್ನು ಮಾತ್ರ ಅವ್ವ ಅವನಿಗೆ ಮುಟ್ಟಗೊಡುತ್ತಿರಲಿಲ್ಲ.

ಕೂಲಿ ಬೆಡ್ಡಿನ ಲೆಕ್ಕದಲ್ಲಿ. ಒಂದು ಬೆಡ್ ಮುಗಿಸಿದರೆ ಇಷ್ಟು, ಅದೂ ಒಬ್ಬನಿಗಲ್ಲ, ಜೋಡಿಗೆ. ಅಪ್ಪನ ಜೋಡಿ ಖಾಜಾಮಿಯಾ, ನಾನು ಚಾಚಾ ಅನ್ನುತ್ತಿದ್ದೆ, ಅವರ ಹೆಂಡತಿ ಮಹಬೂಬ್ ಬೀಯನ್ನು ಚಾಚಿ. ಹೈದರಾಬಾದಿನಲ್ಲಿ ಈ ಕೆಲಸ ಕಲಿತು ಬಂದವರು ಅವರು. ಭೀಮಾ ದಂಡೆಯಲ್ಲಿ ಬಲೆ ಎಳೆಯುತ್ತಿದ್ದ ಅಪ್ಪನನ್ನು ಕರೆತಂದು ಹತಾರು ಹಿಡಿಯುವುದನ್ನು ಕಲಿಸಿದ್ದೂ ಅವರೇ. ನಮ್ಮ ಮನೆಯ ಊಟ ಆ ಬೆಡ್ಡುಗಳ ಹಿಂದೆಯೇ ನಡೆಯುತ್ತಿತ್ತು. ಬೆಡ್ ಮುಗಿದ ಸಂಜೆ ಮಿರ್ಚಿ ಭಜಿಯ ಪೊಟ್ಟಣ, ಮರುದಿನ ಮೀನು. ಗೂಡ್ಸ್ ಗಾಡಿ ಬಾರದ ವಾರ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ. ಮೂರು ವಾರ ಬಾರದಿದ್ದರೆ ಅವ್ವನ ಮಾತು ಕಡಿಮೆಯಾಗುತ್ತಿತ್ತು, ಪಾತ್ರೆಗಳ ಸಪ್ಪಳ ಜಾಸ್ತಿಯಾಗುತ್ತಿತ್ತು.

ಆ ವರ್ಷ ಎರಡು ಸಂಗತಿಗಳು ಕೂಡಿ ಬಂದವು. ಮೊದಲನೆಯದು ನಳದ ಮನೆ. ಮುಂದಿನ ಓಣಿಯಲ್ಲಿ ಒಬ್ಬ ಮುದುಕಿಯ ಮನೆ ಖಾಲಿಯಾಗಿತ್ತು, ಅಂಗಳದೊಳಗೇ ನಳ. ಅವ್ವ ನನ್ನನ್ನು ಕರೆದುಕೊಂಡು ಹೋಗಿ ನೋಡಿ ಬಂದಳು. ಹಿತ್ತಾಳೆಯ ತೋಟಿಯನ್ನು ಒಮ್ಮೆ ತಿರುಗಿಸಿ, ನೀರು ಬಿದ್ದದ್ದನ್ನು ಕಂಡು, ಮತ್ತೆ ತಿರುಗಿಸಿ ನಿಲ್ಲಿಸಿದಳು. ಅಷ್ಟು ಮಾಡಿದ್ದಕ್ಕೇ ಆಕೆಯ ಮುಖ ಬೇರೆಯಾಗಿತ್ತು. ಮುದುಕಿ ಕೇಳಿದ್ದು ಒಂದೇ ಮಾತು:

"ನಿನ್ನ ಗಂಡಗ ತಿಂಗಳ ಪಗಾರ ಅದೇನವ್ವ? ಇದ್ರ ಬಾ. ಇವತ್ತ್ ಅದ, ನಾಳಿ ಇಲ್ಲ ಅನ್ನೋರಿಗೆ ನಾ ಕೊಡಂಗಿಲ್ಲ."

ಎರಡನೆಯದು ಕಾರಖಾನೆಗೆ ಬಂದ ಹೊಸ ಮ್ಯಾನೇಜರ್. ದೊಡ್ಡ ಊರಿನ ದೊಡ್ಡ ಕಾರಖಾನೆಯಲ್ಲಿ ಕೆಲಸ ಮಾಡಿ ಬಂದವನು. ಬೆಡ್ಡಿನ ಲೆಕ್ಕ ಈ ತಿಂಗಳಿಗೆ ಮುಗಿಯಿತು, ಇನ್ನು ಎಲ್ಲರಿಗೂ ತಿಂಗಳ ಪಗಾರ, ಪಿಎಫ್ ಎಂದು ಹೇಳಿದ. ಆದರೆ ಒಬ್ಬೊಬ್ಬರೇ ನಿಂತು ತನ್ನೆದುರಿಗೆ ಒಂದು ತುಂಡು ಬೆಡ್ ಕೆರೆದು ತೋರಿಸಬೇಕು. ಕೆಲಸ ನೋಡಿ ಒಂದನೇ ದರ್ಜೆ, ಎರಡನೇ ದರ್ಜೆ. ಕೆಲಸ ಬಾರದವರಿಗೆ ಗೇಟಿನ ದಾರಿ. ಒಂದನೇ ದರ್ಜೆಯ ಪಗಾರದಲ್ಲಿ ನಳದ ಮನೆಯ ಬಾಡಿಗೆ ಕೊಟ್ಟೂ ಉಂಡು ಉಡಬಹುದಿತ್ತು. ಎರಡನೇ ದರ್ಜೆಯಲ್ಲಿ ಆಗುತ್ತಿರಲಿಲ್ಲ. ಅಪ್ಪನಷ್ಟು ನಯವಾಗಿ ಕೆರೆಯುವವರು ಆ ಶೆಡ್ಡಿನಲ್ಲಿ ಇಲ್ಲ ಎನ್ನುವುದು ಓಣಿಗೆಲ್ಲ ಗೊತ್ತಿದ್ದ ಮಾತು. ಅವ್ವ ಮನಸ್ಸಿನಲ್ಲಿ ಆಗಲೇ ಸಾಮಾನು ಕಟ್ಟಿದ್ದಳು. ಆದರೆ ಆ ಪರೀಕ್ಷೆಗೆ ಅಪ್ಪ ಹೆಸರು ಕೊಟ್ಟಿರಲಿಲ್ಲ. ಇದು ಅವ್ವನಿಗೆ ತಿಳಿದದ್ದು ನಳದ ಸಾಲಿನಲ್ಲಿ, ಇನ್ನೊಬ್ಬ ಕೆಲಸಗಾರನ ಹೆಂಡತಿಯಿಂದ.

"ಎಲ್ಲಾರೂ ಹೆಸರು ಬರಸ್ಯಾರಂತ. ನೀವ್ಯಾಕ ಬರಸಿಲ್ಲ?"

"ಬರಸ್ತೀನಿ."

"ಯಾವಾಗ? ಬರೋ ಸೋಮವಾರ ಕಡೀ ದಿನ ಅಂತ."

"ಬರಸ್ತೀನಿ ಅಂದೆಲ್ಲ, ದೇವಕೆಮ್ಮ."

"ಹಂಗ ಅನಕೋತ ಇದ್ರ ಆ ಮುದುಕಿ ಮನಿ ಹಿಡದು ಇಟ್ಟಿರತಾಳೇನು? ಇಲ್ಲ ಹೇಳ್ರಿ, ಅಂವ ಮ್ಯಾನೇಜರ್ ನಿಮ್ಮನ್ನ ಹೆಣ್ಣ ನೋಡಾಕ ಬಂದಾನೇನು, ಅವನ ಮುಂದ ನಿಂದ್ರಾಕ ನಾಚಿಕಿ?"

ಅಪ್ಪ ನಗಲಿಲ್ಲ. ಕೈತೊಳೆಯಲು ಸೀಮೆಎಣ್ಣೆಯ ಬಾಟಲಿ ಹುಡುಕಿಕೊಂಡು ಹೊರಗೆ ಹೋದ. ಮಾತಿಗೆ ಮಾತು ಕೊಡುವ ಮನುಷ್ಯ ಸುಮ್ಮನಾದರೆ ಅವ್ವನಿಗೆ ಸಿಟ್ಟು ಇನ್ನೂ ಏರುತ್ತಿತ್ತು. ನಾಲ್ಕು ದಿನ ಅವರಿಬ್ಬರ ಮಾತು ನನ್ನ ಮೂಲಕವೇ ನಡೆಯಿತು. "ನಿಮ್ಮಪ್ಪಗ ರೊಟ್ಟಿ ಬೇಕೇನು ಕೇಳು." "ಸಾಕಂತ ಹೇಳು." ಮೂವರೂ ಕೂತಿರುತ್ತಿದ್ದದ್ದು ಒಂದೇ ಒಲೆಯ ಸುತ್ತ.

ಆ ಸಿಟ್ಟಿನಲ್ಲೇ ಬಂದದ್ದು ಈ ರವಿವಾರ. ಯುಗಾದಿ ಹತ್ತಿರವಿತ್ತು, ಸುಣ್ಣ ಬಳಿಯಲೇಬೇಕಿತ್ತು. ಸುಣ್ಣಕ್ಕೆ ಬಟ್ಟೆಗೆ ಹಾಕುವ ನೀಲಿ ಪುಡಿ ಚಿಟಿಕೆ ಬೆರೆಸಿದರೆ ಗೋಡೆ ಇನ್ನೂ ಬೆಳ್ಳಗೆ ಕಾಣುತ್ತದೆ. ಪುಡಿ ತೀರಿತ್ತು. ಅಂಗಡಿಗೆ ಹೋಗಿ ತರಬೇಕೆಂದರೆ ಅಪ್ಪನ ಹತ್ತಿರ ರೊಕ್ಕ ಕೇಳಬೇಕು. ಕೇಳುವ ಮನಸ್ಸು ಅವ್ವನಿಗೆ ಇರಲಿಲ್ಲ. ಆಗ ನಾನು ಜಾಣತನ ತೋರಿಸಿದೆ. ಗೂಡಿನಲ್ಲಿದ್ದ ಅಪ್ಪನ ಕೆಲಸದ ಬಣ್ಣದ ಡಬ್ಬಿಯನ್ನು ತಂದು, ಇದೇನು ಅದಕ್ಕಿಂತ ಗಾಢ ಇದೆಯಲ್ಲ, ಸ್ವಲ್ಪ ಹಾಕಿದರೂ ಸಾಕಾಗುತ್ತದೆ ಅಂದೆ. ಅವ್ವ ಡಬ್ಬಿಯನ್ನು ಮೂಸಿ ನೋಡಿ, ಎರಡು ಬೆರಳಷ್ಟು ತೆಗೆದು ಸುಣ್ಣದ ಬಕೆಟ್ಟಿಗೆ ಹಾಕಿ ಗರಗರ ತಿರುವಿದಳು. ಎಣ್ಣೆಯ ಬಣ್ಣ ಸುಣ್ಣದ ನೀರಿನಲ್ಲಿ ಕರಗುವುದೆಲ್ಲಿ? ಸಾಸಿವೆಯಂತೆ ಚೂರುಚೂರಾಗಿ ತೇಲಿತು. ಹಸಿ ಸುಣ್ಣದಲ್ಲಿ ಗೊತ್ತಾಗಲಿಲ್ಲ. ಗೋಡೆ ಆರಿದಂತೆ ಒಂದೊಂದಾಗಿ ಮೂಡತೊಡಗಿದವು. ಕಾಳಿನಷ್ಟು, ಬೆರಳಿನಷ್ಟು, ಎಲ್ಲೆಲ್ಲಿ ಗಾರೆ ಉಬ್ಬಿತ್ತೋ ಅಲ್ಲೆಲ್ಲ ದಟ್ಟವಾಗಿ. ಮಧ್ಯಾಹ್ನದ ಹೊತ್ತಿಗೆ ನಮ್ಮ ಮನೆಯ ಗೋಡೆಗಳಿಗೆಲ್ಲ ನೀಲಿ ದಡಾರ ಎದ್ದಿತ್ತು. ಅವ್ವ ಸೊಂಟದ ಮೇಲೆ ಕೈಯಿಟ್ಟುಕೊಂಡು ನಡುಮನೆಯಲ್ಲಿ ನಿಂತುಬಿಟ್ಟಳು. ನನ್ನನ್ನು ಹೊಡೆಯಲಿಲ್ಲ. ಹೊಡೆಯಲೂ ದಣಿವಾಗಿತ್ತು.

ಅದೇ ಹೊತ್ತಿಗೆ ಅಪ್ಪ ಚಾಚಾನ ಜೊತೆ ಬಂದ. ಹೊಸ್ತಿಲಲ್ಲಿ ನಿಂತು ಗೋಡೆಯನ್ನು ಕಂಡದ್ದೇ ಅಪ್ಪನಿಗೆ ನಗು ತಡೆಯಲಾಗಲಿಲ್ಲ. ಅವ್ವ ನನ್ನನ್ನು ನಡುವೆ ಹಾಕಿಕೊಳ್ಳದೆ ನೇರವಾಗಿಯೇ ಅಂದಳು:

"ಒಂದು ಮಾತು ಆಡಿದ್ರ ನೋಡ್ರಿ. ಒಂದ ಮಾತು."

ಚಾಚಾ ಒಳಗೆ ಬಂದು ಹೊರಸಿನ ಮೇಲೆ ಕೂತರು. ಟೋಪಿ ತೆಗೆದು ಮೊಣಕಾಲಿಗೆ ಇಟ್ಟುಕೊಂಡು, ಆ ಗೋಡೆಯಿಂದ ಈ ಗೋಡೆಗೆ ನಿಧಾನವಾಗಿ ನೋಡಿದರು.

"ಮಾಶಾಲ್ಲಾ! ಹಾಲು ಹೊಯ್ದಂಗ ಆಗ್ಯಾವ ನೋಡ್ರಿ ಗ್ವಾಡಿ. ಒಂದು ಕಲಿ ಇಲ್ಲ. ಭಾಭಿ ಕೈ ಅಂದ್ರ ಕೈ!"

"ನೀವೂ ಚಾಷ್ಟಿ ಮಾಡ್ರಿ ಅಣ್ಣಾ. ನೀವೊಬ್ರು ಉಳದಿದ್ರಿ."

"ಚಾಷ್ಟಿ ಯಾಕ್ರಿ? ಖರೇನ ಹೇಳಾಕತ್ತೀನಿ. ಈ ಓಣ್ಯಾಗ ಇಷ್ಟ್ ಬೆಳ್ಳಗಿನ ಗ್ವಾಡಿ ಯಾರ ಮನ್ಯಾಗ ಅದ?"

ಅವರ ಮುಖದಲ್ಲಿ ಹಾಸ್ಯವಿರಲಿಲ್ಲ. ತಲೆಯ ಪಕ್ಕದಲ್ಲೇ ರೂಪಾಯಿ ಬಿಲ್ಲೆಯಷ್ಟು ದೊಡ್ಡ ನೀಲಿ ಕಲೆಯಿತ್ತು. ಅದರ ಮೇಲೇ ಅಂಗೈಯಿಟ್ಟು ಗೋಡೆಯನ್ನು ಸವರಿದರು, ಆಡಿನ ಬೆನ್ನು ಸವರಿದಂತೆ. ಇಲ್ಲೊಂದಿಷ್ಟು ಉಬ್ಬು ಇದೆ ನೋಡು ಸಾಬಣ್ಣ ಅಂದರು. ಅಪ್ಪನ ನಗು ಎಲ್ಲಿ ಹೋಯಿತೋ. ಅವ್ವ ಅಪ್ಪನ ಮುಖ ನೋಡಿದಳು, ಆಮೇಲೆ ಚಾಚಾನ ಕಣ್ಣು. ಮತ್ತೆ ಅಪ್ಪನ ಮುಖ. ನಾನು ಬಾಯಿ ತೆರೆದಿದ್ದೆ. ಅವ್ವ ಒಂದು ತುಂಡು ಬೆಲ್ಲ ತಂದು ನನ್ನ ಬಾಯಿಗೇ ಇಟ್ಟಳು.

"ಹೌದ್ರಿ ಅಣ್ಣಾ," ಅಂದಳು. "ಈ ಸಲ ಸುಣ್ಣ ಛಲೋ ಸಿಕ್ಕಿತ್ತು. ಶರಣಿ, ಚಾಚಾಗ ನೀರು ತಂದ್ಕೊಡು."

ಸಂಜೆ ಚಾಚಾನನ್ನು ಮನೆಗೆ ಬಿಟ್ಟು ಬಂದ ಮೇಲೆ ಅಪ್ಪ ಬೇವಿನ ಕೆಳಗೆ ಕೂತು ಎಲ್ಲ ಹೇಳಿದ. ಹೊರಗಿಟ್ಟ ಡಬ್ಬಿಗಳನ್ನು ಒಳಗೆ ಸಾಗಿಸುವ ನೆಪದಲ್ಲಿ ನಾನು ಕೇಳಿಸಿಕೊಂಡೆ. ಚಾಚಾನಿಗೆ ಒಂದು ವರ್ಷದಿಂದ ಕಣ್ಣು ಮಸುಕು. ಹೈದರಾಬಾದಿಗೆ ಹೋಗಿ ತೋರಿಸಿದ್ದಾರೆ. ಪೊರೆಯಲ್ಲ, ಒಳಗಿನ ನರ, ತೆಗೆಯಲು ಬರುವಂಥದ್ದಲ್ಲ ಅಂದಿದ್ದಾರೆ. ಕಬ್ಬಿಣದ ಮೇಲೆ ನೀಲಿ ಅವರಿಗೆ ಕಾಣುವುದೇ ಇಲ್ಲ. ಬಿಳಿಯದು ಕಾಣುತ್ತದೆ. ಅದಕ್ಕೆ ಅಪ್ಪ ನೀಲಿ ಬಿದ್ದಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಹಾಕುತ್ತಾನೆ, ಚಾಚಾ ಕೆರೆಯುತ್ತಾರೆ.

"ಅವನ ತೋಳು ಇನ್ನೂ ಹಂಗ ಅದ. ಎಲ್ಲಿ ಕೆರಿಬೇಕು ಅನ್ನೋದಷ್ಟ ಕಾಣಂಗಿಲ್ಲ. ನಾ ಒಬ್ಬನ ಹೆಸರು ಬರಸಿದ್ರ ಅವನೂ ಒಬ್ಬನ ನಿಂದ್ರಬೇಕಲ್ಲ."

"ನನ್ನ ಮುಂದ ಯಾಕ ಹೇಳಲಿಲ್ಲ?"

"ಮಹಬೂಬ್ ಬೀಗೂ ಗೊತ್ತಿಲ್ಲ. ಗೊತ್ತಾಗಬಾರದು ಅಂತ ಆಣಿ ಹಾಕ್ಯಾನ. ನೀವಿಬ್ರೂ ದಿನಾ ನಳದ ಹಂತ್ಯಾಕ ಸೇರೋರು."

ಅವ್ವ ಖಾಲಿ ಕೊಡವನ್ನು ಮಗ್ಗುಲಿಗೆ ಹೊರಳಿಸಿ, ಅದರ ತಳದ ನೆಗ್ಗುಗಳನ್ನು ಬೆರಳಿನಿಂದ ಮುಟ್ಟುತ್ತ ಬಹಳ ಹೊತ್ತು ಕೂತಿದ್ದಳು. ಮರುದಿನ ಬೆಳಿಗ್ಗೆ ಅಪ್ಪನ ರೊಟ್ಟಿ ಕಟ್ಟುವಾಗ ಅಂದಳು:

"ಇಬ್ರನ್ನೂ ಕೂಡಿ ನೋಡ್ರಿ ಅಂತ ಹೇಳ್ರಿ ಆ ಮ್ಯಾನೇಜರಗ. ಇಷ್ಟ್ ದಿನ ಜೋಡೀಲೆ ಕೆರದೀವಿ, ಜೋಡೀಲೆ ತೋರಸ್ತೀವಿ ಅನ್ರಿ. ಬೆಡ್ ನೋಡ್ಲಿ ಬೇಕಾದಷ್ಟು. ಕಣ್ಣ ಯಾಕ ನೋಡ್ತಾನ?"

"ಹಂಗಂದ್ರ ಒಂದನೇ ದರ್ಜೆ ಕೊಡಂಗಿಲ್ಲ, ದೇವಕೆಮ್ಮ."

"ನನಗೂ ಗೊತ್ತದ," ಅಂದಳು ಅವ್ವ. ಗಂಟನ್ನು ಬಿಗಿದು, ಇನ್ನೊಮ್ಮೆ ಬಿಗಿದಳು. "ತಡಾ ಆಗ್ತದ, ನಡೀರಿ."

ಆ ಸಂಜೆ ಅಪ್ಪ ಸೈಕಲ್ ಒರಗಿಸಿ ಒಳಗೆ ಬರುವ ತನಕವೂ ಅವ್ವ ತಲೆಯೆತ್ತದೆ ಜೋಳ ಹಸನು ಮಾಡುತ್ತಿದ್ದಳು. ಅಪ್ಪ ನಡೆದದ್ದನ್ನು ನಡೆದಂತೆ ಹೇಳಿದ. ಮ್ಯಾನೇಜರ್ ಕೆಟ್ಟವನಲ್ಲ. ಅವರಿಬ್ಬರು ಮುಗಿಸಿದ ಬೆಡ್ಡಿನ ಮೇಲೆ ತನ್ನದೇ ಪಟ್ಟಿಯಿಟ್ಟು ಉಜ್ಜಿ, ಬಗ್ಗಿ, ಮೂರು ಕಡೆ ನೋಡಿದನಂತೆ. ಕೆಲಸವೇನೋ ಒಂದನೇ ದರ್ಜೆಯದು, ಆದರೆ ಯಾರ ಕೈಯದು ಅಂತ ಬರೆಯಲಿ ಅಂದನಂತೆ. ಇಬ್ಬರ ಕೈಯದು ಅಂದೆ ಅಂದ ಅಪ್ಪ. ಹಾಗಿದ್ದರೆ ಇಬ್ಬರಿಗೂ ಎರಡನೇ ದರ್ಜೆ, ಮುಂದೆ ಬೇರೆ ಬೇರೆ ನಿಂತರೆ ನೋಡೋಣ ಎಂದು ಮ್ಯಾನೇಜರ್ ಬರೆದುಕೊಂಡನಂತೆ.

"ಸೀಮೆಸುಣ್ಣ ಅಲ್ಲೇ ಬಿದ್ದಿತ್ತು," ಅಂದ ಅಪ್ಪ. "ಕೈಯಾಗ ತಗೊಂಡು ನೋಡ್ದ. ಹೊಳ್ಳಿ ನನ್ನ ಕೈಯಾಗ ಕೊಟ್ಟ."

ಮರುದಿನ ಅವ್ವ ಮುದುಕಿಯ ಮನೆಗೆ ಹೋದಳು. ನಾನೂ ಹೋದೆ. ಪಗಾರ ಆಗ್ಯಾದ್ರಿ, ಆದ್ರ ಈಗ ಬ್ಯಾಡ್ರಿ ಅಂದಳು, ಕಾರಣ ಹೇಳಲಿಲ್ಲ. ಬರುವಾಗ ಆ ನಳದ ತೋಟಿ ತಿರುಗಿಸಿ ಒಂದು ಬೊಗಸೆ ನೀರು ಕುಡಿದಳು, ನನಗೂ ಕುಡಿಸಿದಳು, ಹನಿ ಸೋರದಂತೆ ಗಟ್ಟಿಯಾಗಿ ನಿಲ್ಲಿಸಿದಳು. ದಾರಿಯಲ್ಲಿ, ಆ ಮನೆಗೆ ಗಾಳಿ ಕಡಿಮೆ, ಅಡುಗೆ ಖೋಲಿಯಲ್ಲಿ ಹೊಗೆ ತುಂಬುತ್ತದೆ ಎಂದು ತಾನಾಗಿಯೇ ದೂರುತ್ತ ಬಂದಳು. ನಾನು ಹೌದು ಹೌದು ಅಂದೆ.

ಮೂರು ದಿನ ಕಳೆದಿರಬೇಕು. ಮಧ್ಯಾಹ್ನದ ಗಾಡಿ ಹೋದ ಸಪ್ಪಳ ಕೇಳಿ ಅವ್ವ ಸಿಂಬಿ ಹುಡುಕುತ್ತಿದ್ದಳು. ಬಾಗಿಲಲ್ಲಿ ಚಾಚಾನ ಹೆಂಡತಿ ಮಹಬೂಬ್ ಬೀ, ತಲೆಯ ಮೇಲೆ ತುಂಬಿದ ಕೊಡ. ಅವರ ಮನೆ ನಮ್ಮಿಂದ ಆರನೆಯದು, ಹಿತ್ತಲಲ್ಲಿ ಬಾವಿಯಿತ್ತು. ಬೇಸಿಗೆಯಲ್ಲಿ ತಳಕ್ಕೆ ಹೋಗುವ ಬಾವಿ, ಅವರಿಗೇ ಸಾಲದು, ನಳಕ್ಕೂ ಬರುತ್ತಿದ್ದರು.

"ನಮ್ ಬಾವ್ಯಾಗ ನೀರು ಭಾಳ ಅದ. ನೀ ಯಾಕ ಈ ಬಿಸಿಲಾಗ ಹೋಗ್ತಿ? ಹಂಡೆ ಎಲ್ಲಿ?"

"ಭಾಳ ಎಲ್ಲಿ ಅದ ಅಕ್ಕಾ? ನಿನ್ನೆ ನೀನ ನಳದ ಪಾಳ್ಯಾಗ ನಿಂತಿದ್ದಿ."

"ನಿನ್ನೆ ಇರಲಿಲ್ಲ, ಇವತ್ತ್ ಬಂದದ," ಅಂದು ಚಾಚಿ ತಾನೇ ಹಂಡೆಗೆ ಸುರಿದಳು. ಆಮೇಲೆ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ, ನಮ್ಮ ಗೋಡೆಯ ನೀಲಿ ಚುಕ್ಕೆಗಳನ್ನು ಒಂದೊಂದಾಗಿ ನೋಡಿದಳು. "ನಿಮ್ಮ ಅಣ್ಣ ಮನಿಗಿ ಬಂದು ಹೇಳಿದ್ರು. ಭಾಭಿ ಮನಿ ಗ್ವಾಡಿ ಹಾಲಿನಂಗ ಅದ ಅಂತ."

ಅವ್ವ ಹಂಡೆಗೆ ಮುಚ್ಚಳ ಹಾಕಿದಳು.

"ವರ್ಷ ಆತು, ಚಾದಾಗ ಸಕ್ರಿ ಅಂತ ಉಪ್ಪು ಹಾಕ್ಕೊಂಡು ಕುಡದು, ಛಲೋ ಆಗ್ಯಾದ ಅಂತಾರ. ನನಗ ಗೊತ್ತದ ಅಂತ ಅವರಿಗಿ ಗೊತ್ತಿಲ್ಲ. ಹೇಳಬ್ಯಾಡ, ಹಾಂ? ನಿನ್ನ ಗಂಡಗೂ ಹೇಳಬ್ಯಾಡ."

ಅಂದಿನಿಂದ ದಿನಾ ಎರಡು ಕೊಡ. ಮೊದಮೊದಲು ಆ ನೀರು ಬಳಸುವ ಹಂಡೆಗೆ ಮಾತ್ರ ಹೋಗುತ್ತಿತ್ತು, ಕುಡಿಯಲು ನಳದ್ದೇ. ಯಾವ ದಿನ ಅದು ಕುಡಿಯುವ ಬಿಂದಿಗೆಗೂ ಬಿತ್ತು ಎಂದು ಎಷ್ಟು ನೆನೆದರೂ ನನಗೆ ಹೊಳೆಯುವುದಿಲ್ಲ. ಯಾರೂ ಗಮನಿಸದ ಹಾಗೆ ಬಿದ್ದಿರಬೇಕು. ಎಲ್ಲವನ್ನೂ ನೋಡುವುದು, ನೋಡಿದ್ದರಲ್ಲಿ ಅರ್ಧವನ್ನು ಬಾಯೊಳಗೆ ಬೆಲ್ಲದ ಹಾಗೆ ಇಟ್ಟುಕೊಳ್ಳುವುದು ನನಗೆ ಬಂದದ್ದು ಆ ವರ್ಷದಲ್ಲೇ.

ಆಮೇಲಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಅಪ್ಪನೂ ಚಾಚಾನೂ ಬೇರೆ ಬೇರೆ ನಿಲ್ಲಲೇ ಇಲ್ಲ, ಎರಡನೇ ದರ್ಜೆಯಲ್ಲೇ ಇಬ್ಬರ ನೌಕರಿಯೂ ಮುಗಿಯಿತು. ಕೆಲವು ವರ್ಷಗಳಲ್ಲಿ ಬೆಡ್ಡುಗಳು ಮಷೀನಿನಲ್ಲೇ ಸಮವಾಗಿ ಬರತೊಡಗಿದವು, ಕೆರೆಯುವವರ ಕೈಗೆ ಬೆಲೆ ಉಳಿಯಲಿಲ್ಲ. ಹೊಸದಾಗಿ ಬಂದವರನ್ನು ತಿಂಗಳ ಪಗಾರಕ್ಕೂ ಇಟ್ಟುಕೊಳ್ಳಲಿಲ್ಲ, ಗುತ್ತೇದಾರನ ಕಡೆಯಿಂದ ದಿನದ ಕೂಲಿ. ಮೊದಲು ಕೊಡುತ್ತಿದ್ದದ್ದು ಮುಗಿದ ಕೆಲಸಕ್ಕೆ, ಆಮೇಲೆ ಮನುಷ್ಯನಿಗೆ, ಕಡೆಗೆ ಬರೀ ದಿನಕ್ಕೆ. ಯಾವುದು ನ್ಯಾಯ ಎಂದು ಅಪ್ಪನನ್ನು ಒಮ್ಮೆ ಕೇಳಿದ್ದೆ. ಬೆಡ್ಡಿನ ಲೆಕ್ಕದಲ್ಲಿ ಹಬ್ಬ ಇತ್ತು, ತಿಂಗಳ ಲೆಕ್ಕದಲ್ಲಿ ನಿದ್ದೆ ಇತ್ತು ಅಂದ. ದಿನಗೂಲಿಯ ಬಗ್ಗೆ ಏನೂ ಹೇಳಲಿಲ್ಲ. ನಾನು ಮದುವೆಯಾಗಿ ಶಹಾಪುರಕ್ಕೆ ಬಂದೆ. ಇಲ್ಲಿ ಅಡುಗೆಮನೆಯೊಳಗೇ ನಳ, ಮೇಲೆ ನೀರಿನ ಟಾಕಿ. ಅವರಿಬ್ಬರು ಕೆರೆದ ಬೆಡ್ಡಿನ ಲೇತೊಂದು ಸುರಪುರದ ವರ್ಕ್‌ಶಾಪಿನಲ್ಲಿ ಇನ್ನೂ ತಿರುಗುತ್ತಿದೆ. ಹೋದ ವರ್ಷ ಹೋಗಿ ಮುಟ್ಟಿ ನೋಡಿ ಬಂದೆ. ಯಾವ ಗೆರೆ ಯಾರದು ಎಂದು ಹೇಳಲು ಬರುವುದಿಲ್ಲ.

ಮೊದಲ ತಿಂಗಳ ಪಗಾರ ಬಂದ ರವಿವಾರ ಎರಡೂ ಮನೆಯವರು ನಮ್ಮಲ್ಲೇ ಉಂಡೆವು. ಬಿಸಿ ಜೋಳದ ರೊಟ್ಟಿ, ಭೀಮಾ ನದಿಯ ಮೀನಿನ ಸಾರು, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ, ಚಾಚಿ ತಂದ ಶಾವಿಗೆಯ ಪಾಯಸ. ಚಾಚಾ ಮೀನಿನ ಮುಳ್ಳನ್ನು ಬೆರಳಲ್ಲೇ ಹುಡುಕಿ ಹುಡುಕಿ ತೆಗೆದರು. ಅಪ್ಪ ಬೇರೆ ಕಡೆ ನೋಡುತ್ತ ಉಂಡ. ಊಟವಾಗಿ ಎಲೆ ಅಡಿಕೆ ಹಾಕಿಕೊಂಡು ಗಂಡಸರಿಬ್ಬರೂ ನೀಲಿ ಚುಕ್ಕೆಯ ಗೋಡೆಗೆ ಒರಗಿ ಮಾತಾಡುತ್ತಿದ್ದರು. ಮಧ್ಯಾಹ್ನದ ಗಾಡಿ ಬಂತು, ನಿಂತಿತು, ಹೋಯಿತು. ನಾನು ಅಭ್ಯಾಸದಂತೆ ಕೊಡದ ಸಪ್ಪಳಕ್ಕೆ ಕಿವಿಕೊಟ್ಟೆ. ಕೇಳಲಿಲ್ಲ. ತಿರುಗಿ ನೋಡಿದರೆ ಅವ್ವ ಒಲೆಯ ಪಕ್ಕದ ತಣ್ಣನೆಯ ಫರಸಿಯ ಮೇಲೆ, ತೋಳನ್ನೇ ದಿಂಬು ಮಾಡಿಕೊಂಡು, ಎಲ್ಲರಿಗಿಂತ ಮೊದಲು ಮಲಗಿಬಿಟ್ಟಿದ್ದಳು.